ಅಟ್ಟೆಗೆ 3200 ಮೊಗ್ಗು

ಫೆಬ್ರವರಿಯ ಎರಡನೇ ವಾರ, ಜರ್ಮನಿಯಲ್ಲಿ ನಾವಿರುವ ಕಟ್ಟಡದ ಮೆಟ್ಟಿಲು ಗುಡಿಸುವ ಸರದಿ ನಮ್ಮದಾಗಿತ್ತು. ಬಾಗಿಲ ಪಕ್ಕದ ಹೇಜಲ್‌ನಟ್ ಗಿಡದಲ್ಲಿ ಎಲೆ ಚಿಗುರುವ ಮೊದಲೇ ಜೋತುಬಿದ್ದ ಹೂಗೊಂಚಲುಗಳಿಂದ ಉದುರಿದ ಹಳದಿ ಪುಡಿ ಕಲ್ಲಿನ ಮೆಟ್ಟಿಲ ಮೇಲೆ ತೆಳ್ಳಗೆ ಕೂತಿತ್ತು. ನಾನು ಪೊರಕೆ ಹಾಕುತ್ತಿದ್ದಾಗ ಕೆಳಮನೆಯ ಹಿರಿಯ ಮಹಿಳೆ ಹೊರಗೆ ಬಂದು, "ಗುಡಿಸುವ ಮೊದಲು ಒಮ್ಮೆ ಬಗ್ಗಿ ನೋಡಿ. ಇದನ್ನೇ ಒಟ್ಟುಮಾಡುತ್ತಾ ಒಬ್ಬರು ಜೀವಮಾನವನ್ನೇ ಕಳೆದಿದ್ದಾರೆ" ಎಂದರು. ಎಪ್ಪತ್ತು ದಾಟಿದ ನಿವೃತ್ತ ಶಿಕ್ಷಕಿ ಅವರು; ಸುಮ್ಮನೆ ಮಾತು ಬೆಳೆಸುವವರಲ್ಲ.

ಅಂದು ಸಂಜೆ ದಪ್ಪದೊಂದು ಚಿತ್ರಪುಸ್ತಕವನ್ನು ಹಿಡಿದುಕೊಂಡು ಅವರು ನಮ್ಮ ಮನೆಗೆ ಚಹಾಕ್ಕೆ ಬಂದರು. ಪುಸ್ತಕ ವೋಲ್ಫ್‌ಗಾಂಗ್ ಲೈಬ್ ಎಂಬ ಕಲಾವಿದರದು. 1950ರಲ್ಲಿ ಇಲ್ಲೇ ಹತ್ತಿರದ ಮೆಟ್ಸಿಂಗೆನ್‌ನಲ್ಲಿ ಹುಟ್ಟಿದ ಲೈಬ್ ಟ್ಯೂಬಿಂಗೆನ್‌ನಲ್ಲಿ ವೈದ್ಯಶಿಕ್ಷಣ ಮುಗಿಸಿದರೂ ವೈದ್ಯವೃತ್ತಿಯನ್ನು ಹಿಡಿಯಲಿಲ್ಲ. 1977ರಿಂದ ಅವರು ಬೀಬರಾಖ್ ಪಟ್ಟಣದ ಬಳಿಯ ತಮ್ಮ ಹಳ್ಳಿಯ ಸುತ್ತಲಿನ ಹೊಲಗಾಡುಗಳಲ್ಲಿ ಪರಾಗವನ್ನು ಸಂಗ್ರಹಿಸುತ್ತಿದ್ದಾರೆ. ಚಳಿಗಾಲದ ಕೊನೆಗೆ ಹೇಜಲ್‌ನಟ್, ವಸಂತದಲ್ಲಿ ಡ್ಯಾಂಡೆಲಿಯನ್, ಅದರ ಬೆನ್ನಿಗೆ ಪೈನ್. ಪುಸ್ತಕದ ಒಂದು ಚಿತ್ರದಲ್ಲಿ ಹಳದಿ ಹೂವಿನ ಹುಲ್ಲುಗಾವಲಿನ ನಡುವೆ ಅವರು ಒಬ್ಬರೇ ಕುಳಿತಿದ್ದಾರೆ, ಕೈಯಲ್ಲಿ ಗಾಜಿನ ಜಾಡಿ. ಒಂದು ಹೂವಿನಿಂದ ಕೈಗೆ ಸಿಗುವುದು ಚಿಟಿಕೆಯೂ ಅಲ್ಲ. ಇಡೀ ಋತುವಿನ ದುಡಿಮೆ ಒಂದೆರಡು ಜಾಡಿಗಳಲ್ಲಿ ಮುಗಿಯುತ್ತದೆ. ಅದನ್ನು ತೆಳು ಬಟ್ಟೆಯ ಜರಡಿಯಲ್ಲಿ ನೆಲದ ಮೇಲೆ ಉದುರಿಸಿ, ಅಂಚು ಗಾಳಿಯಲ್ಲಿ ಕರಗಿದಂತೆ ಕಾಣುವ ಒಂದು ಹಳದಿ ಚೌಕವನ್ನು ಮಾಡುತ್ತಾರೆ. 2013ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ವಸ್ತುಸಂಗ್ರಹಾಲಯದಲ್ಲಿ ಅವರು ಹರಡಿದ ಹೇಜಲ್‌ನಟ್ ಪರಾಗ 18 ಅಡಿಗೆ 21 ಅಡಿ ಇತ್ತು. ಅಷ್ಟನ್ನು ಕೂಡಿಸಲು ವರ್ಷಗಟ್ಟಲೆ ಹಿಡಿದಿತ್ತು. ಪ್ರದರ್ಶನ ಮುಗಿದ ಮೇಲೆ ಪುಡಿಯನ್ನು ಬಳಿದು ಮತ್ತೆ ಜಾಡಿಗೆ ತುಂಬುತ್ತಾರೆ.

ನಾವು ಹೀಗೆ ಪುಟ ತಿರುವುತ್ತಿದ್ದಾಗ ನನ್ನ ತಂಗಿ ಊರಿನಿಂದ ಒಂದು ವಿಡಿಯೊ ಕಳುಹಿಸಿದಳು. ಉಡುಪಿ ಬಳಿಯ ಶಂಕರಪುರದ ನಮ್ಮ ಮನೆಯ ಜಗಲಿಯಲ್ಲಿ ಅಮ್ಮ ಮಲ್ಲಿಗೆ ಕಟ್ಟುತ್ತಿದ್ದಾರೆ. ನನ್ನ ಮಗಳು ಫೋನನ್ನು ಆ ಹಿರಿಯರ ಮುಂದೆ ಹಿಡಿದಳು. ಅಮ್ಮನ ಮುಖ ಅದರಲ್ಲಿ ಕಾಣುವುದಿಲ್ಲ, ಬೆರಳುಗಳಷ್ಟೇ ಕಾಣುತ್ತವೆ. ನೆನೆಸಿ ಸೀಳಿದ ಬಾಳೆನಾರನ್ನು ಎಡಗೈಯಲ್ಲಿ ಹಿಡಿದು, ಬಲಗೈಯಿಂದ ಮೊಗ್ಗುಗಳ ತೊಟ್ಟನ್ನು ಒಂದರ ಪಕ್ಕ ಒಂದರಂತೆ ಕೂರಿಸಿ, ಒಂದು ಸುತ್ತು ಹಾಕಿ ಬಿಗಿಯುತ್ತಾರೆ. ಬಿಗಿ ಹೆಚ್ಚಾದರೆ ತೊಟ್ಟು ತುಂಡಾಗುತ್ತದೆ, ಸಡಿಲವಾದರೆ ಮೊಗ್ಗು ಜಾರುತ್ತದೆ. ಆ ಹಿರಿಯರು ವಿಡಿಯೊವನ್ನು ಮೂರು ಸಲ ನೋಡಿ, "ನಿಮ್ಮ ತಾಯಿ ಕಲಾವಿದೆಯೇ?" ಎಂದು ಕೇಳಿದರು.

"ಅಲ್ಲ, ಅದು ಬರೀ ಕೆಲಸ" ಎಂದೆ.

"ಎಷ್ಟು ವರ್ಷದಿಂದ ಮಾಡುತ್ತಿದ್ದಾರೆ?"

ಅಮ್ಮ ಮದುವೆಯಾಗಿ ಆ ಮನೆಗೆ ಬಂದದ್ದು 1978ರಲ್ಲಿ; ಅಂದಿನಿಂದ ಎಂದೆ. ಅವರು ಪುಸ್ತಕದ ಮೇಲೆ ಕೈಯಿಟ್ಟು, "ಹಾಗಾದರೆ ಲೈಬ್ ಶುರು ಮಾಡಿದ ಮರುವರ್ಷ" ಎಂದರು. ಅದನ್ನು ಹೊಗಳಿಕೆಯಂತೆ ಹೇಳಲಿಲ್ಲ, ಎರಡು ಇಸವಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರಷ್ಟೇ.

ಆ ರಾತ್ರಿ ನನ್ನನ್ನು ಚುಚ್ಚಿದ್ದು ನನ್ನದೇ ಬಾಯಿಂದ ಬಂದ "ಬರೀ" ಎಂಬ ಮಾತು. ನಮ್ಮಲ್ಲಿ 800 ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಟ್ಟೆ ಎಂದರೆ 3200 ಮೊಗ್ಗು. ಬೆಳಕು ಹರಿಯುತ್ತಿದ್ದಂತೆ ಗಿಡದಿಂದ ಬಿಡಿಸಬೇಕು, ಅರಳುವ ಮೊದಲು ಕಟ್ಟಬೇಕು, ಕಟ್ಟೆಯಲ್ಲಿ, ಅಂದರೆ ಹೂವಿನ ಮಾರುಕಟ್ಟೆಯಲ್ಲಿ, ಅಂದಿನ ದರ ನಿಗದಿಯಾಗುವ ಹೊತ್ತಿಗೆ ಹೂವು ಅಲ್ಲಿರಬೇಕು. ನಾನು ಶಾಲೆಗೆ ಹೊರಡುವ ಮೊದಲು ಚೆಂಡು ಕಟ್ಟಲು ಕೂತರೆ ಅಮ್ಮ ಅದನ್ನು ಕೈಯಲ್ಲಿ ಹಿಡಿದು, ಎಣಿಸದೆಯೇ, "ಹತ್ತು ಮೊಗ್ಗು ಕಡಿಮೆ ಉಂಟು" ಎನ್ನುತ್ತಿದ್ದರು. ಎಣಿಸಿ ನೋಡಿದರೆ ಹೆಚ್ಚುಕಮ್ಮಿ ಅಷ್ಟೇ ಇರುತ್ತಿತ್ತು. ಉಡುಪಿ ಮಲ್ಲಿಗೆಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಸಿಕ್ಕಿದೆ; ಭೂತಕೋಲಕ್ಕೂ ಮದುವೆಗೂ ಅದು ಬೇಕೇ ಬೇಕು. ಆದರೆ ನಮ್ಮೂರಿನಲ್ಲಿ ಮಲ್ಲಿಗೆಯ ಬಗ್ಗೆ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: "ಇವತ್ತು ಅಟ್ಟೆಗೆ ಎಷ್ಟು?" ಕಟ್ಟಿದ ಕೈಯನ್ನು ಯಾರೂ ಮೂರು ಸಲ ನೋಡಿದ್ದಿಲ್ಲ. ನಾನೂ ನೋಡಿರಲಿಲ್ಲ.

ಇಬ್ಬರದೂ ಒಂದೇ ಎಂದು ಹೇಳಲು ನನಗೆ ಮನಸ್ಸಿಲ್ಲ. ಲೈಬ್ ಅವರಿಗೆ ಕಟ್ಟೆಯ ಗಡಿಯಾರದ ಅವಸರವಿಲ್ಲ, ಅವರ ಪರಾಗ ಜಾಡಿಯಲ್ಲಿ ವರ್ಷಗಳ ಕಾಲ ಉಳಿಯುತ್ತದೆ. ಅಮ್ಮನ ಅಟ್ಟೆ ಮರುದಿನ ಬಾಡುತ್ತದೆ, ಅದರಿಂದಲೇ ನಮ್ಮಿಬ್ಬರ ಶಾಲಾ ಶುಲ್ಕ ಬಂದಿತ್ತು. ಆದರೂ ಲೈಬ್ ಅವರ ಹಾಲುಕಲ್ಲಿನ ಬಗ್ಗೆ ಓದಿದಾಗ ಅಮ್ಮನ ಜಗಲಿಯೇ ನೆನಪಾಯಿತು. ಬಿಳಿಯ ಅಮೃತಶಿಲೆಯ ಮೇಲ್ಮೈಯನ್ನು ಕಂಡೂ ಕಾಣದಷ್ಟು ತಗ್ಗಿಸಿ ಅದರಲ್ಲಿ ಹಾಲು ತುಂಬುತ್ತಾರೆ. ದಿನವೂ ಹಳೆಯ ಹಾಲನ್ನು ತೆಗೆದು, ಕಲ್ಲು ತೊಳೆದು, ಹೊಸ ಹಾಲು ಹಾಕಬೇಕು. ಹಾಲು ತುಂಬದ ದಿನ ಅದು ಬರೀ ಕಲ್ಲು. ತಮಿಳುನಾಡಿನ ಮಧುರೆಯ ಬಳಿಯ ಹಳ್ಳಿಯೊಂದರ ಜೊತೆ ಅವರ ಕುಟುಂಬಕ್ಕೆ ದಶಕಗಳ ನಂಟಿದೆ, 1972ರಲ್ಲಿ ಅವರು ಕಡೆದ ಮೊಟ್ಟೆಯಾಕಾರದ ಕಲ್ಲಿನ ಹೆಸರೇ 'ಬ್ರಹ್ಮಾಂಡ'. ನಿತ್ಯವೂ ಹೊಸದಾಗಿ ಮಾಡಬೇಕಾದ ಕೆಲಸದ ಚೆಲುವನ್ನು ಅವರು ನಮ್ಮ ಕಡೆಯೂ ಕಂಡಿರಬೇಕು ಎಂದುಕೊಂಡೆ.

ಭಾನುವಾರ ಅಮ್ಮನಿಗೆ ಫೋನಿನಲ್ಲಿ ಎಲ್ಲವನ್ನೂ ಹೇಳಿದೆ. ನಾವು ಮಾತಾಡುವುದು ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ನ್ಯೂಯಾರ್ಕಿನ ಸುದ್ದಿ ಅವರ ಕಿವಿಗೆ ಬೀಳಲೇ ಇಲ್ಲವೇನೋ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು:

"ಅಷ್ಟು ತೆಗೆದರೆ ಜೇನಿಗೆ ಎಂತ ಉಳಿಯುತ್ತದೆ?"

ಹೇಜಲ್‌ನಟ್ ಪರಾಗ ಗಾಳಿಯಲ್ಲಿ ಹಾರುವಂಥದ್ದು, ಬೇಕಾದಷ್ಟು ಉಳಿಯುತ್ತದೆ ಎಂದೆ.

"ಮಳೆ ಬಂದ ದಿನ ಅವರು ಎಂತ ಮಾಡುತ್ತಾರೆ?"

"ಒದ್ದೆ ಹೂವಿನಿಂದ ಪುಡಿ ಉದುರುವುದಿಲ್ಲ ಅಮ್ಮ. ಅವತ್ತು ಏನೂ ಸಿಗುವುದಿಲ್ಲ."

"ಹಾಂ, ನಮ್ಮದೂ ಹಾಗೆಯೇ" ಎಂದರು. ಆಮೇಲೆ, ನಾರು ನೆನೆಹಾಕಲಿಕ್ಕೆ ಉಂಟು ಎಂದು ಫೋನ್ ಇಟ್ಟರು.