ವ್ಯಾನಿನ ಮೈಮೇಲಿನ ಅಕ್ಷರ

ದಾವಣಗೆರೆಯಲ್ಲಿ ಬೋರ್ಡ್ ಬರೆಯುವವನು ನಾನು. ಫ್ಲೆಕ್ಸ್ ಬಂದಮೇಲೆ ಅಂಗಡಿಯವರು ನಮ್ಮ ಕಡೆ ತಿರುಗಿ ನೋಡುವುದು ಕಡಿಮೆ. ಲಾರಿ ಕೆಲಸ ಉಳಿದಿದೆ. ಪಿ.ಬಿ. ರಸ್ತೆ ಬದಿಯ ಶೆಡ್ಡಿನಲ್ಲಿ ಹೊಸ ಲಾರಿಯ ಹಣೆಗೆ ‘ಶ್ರೀ ದುಗ್ಗಮ್ಮ ದೇವಿ ಪ್ರಸನ್ನ’ ಬರೆದು, ಬಣ್ಣ ಒಣಗುವ ತನಕ ಮೊಬೈಲ್ ನೋಡುತ್ತಾ ಕೂರುತ್ತೇನೆ. ಹುಡುಗರು ರೀಲ್ಸ್ ನೋಡುತ್ತಾರೆ. ನಾನು ಇಂಗ್ಲೆಂಡಿನ ಹಳೇ ಡೆಲಿವರಿ ವ್ಯಾನುಗಳ ಫೋಟೋ ನೋಡುತ್ತೇನೆ.

ಇಂಜಿನ್ ಬಗ್ಗೆ ನನಗೆ ಆಸಕ್ತಿಯಿಲ್ಲ. ನಾನು ನೋಡುವುದು ಅಕ್ಷರ. ಬೇಕರಿ, ಲಾಂಡ್ರಿ, ಮಾಂಸದಂಗಡಿ, ಎಲ್ಲರ ವ್ಯಾನಿಗೂ ಕೈಯಲ್ಲೇ ಬರೆದ ಹೆಸರು. ಅಷ್ಟು ದೊಡ್ಡ ಖಾಲಿ ಜಾಗ ಸಿಕ್ಕಿದ್ದಕ್ಕೆ ಅಲ್ಲಿನ ಪೇಂಟರುಗಳು ತೆರಿಗೆಯವರಿಗೆ ಕೈ ಮುಗಿಯಬೇಕು. ವ್ಯಾನಿನ ಹಿಂಭಾಗದ ಪಕ್ಕಕ್ಕೆ ಕಿಟಕಿ ಇಟ್ಟರೆ ಕಾರೆಂದು ಲೆಕ್ಕ ಹಾಕಿ ಜಾಸ್ತಿ ತೆರಿಗೆ ಕೇಳುತ್ತಿದ್ದರು. ಹಾಗಾಗಿ ಪೂರಾ ತಗಡು!

ಶೇಡ್, ಅಂದರೆ ಅಕ್ಷರಕ್ಕೆ ನೆರಳಿನ ಹಾಗೆ ಬಳಿಯುವ ಬಣ್ಣ, ಗಮನಿಸಿ. ಬಹಳಷ್ಟು ವ್ಯಾನುಗಳಲ್ಲಿ ಅದು ಅಕ್ಷರದ ಎಡಕ್ಕೆ ಮತ್ತು ಕೆಳಕ್ಕೆ ಬಿದ್ದಿರುತ್ತದೆ. ಇಂಗ್ಲಿಷಿನ ಬಿ, ಡಿ, ಇ, ಆರ್ ಎಲ್ಲಕ್ಕೂ ಎಡಗಡೆ ನೆಟ್ಟಗಿನ ಗೆರೆ. ಒಂದೇ ಎಳೆತಕ್ಕೆ ಮುಗಿಯಿತು. ಬಲಗಡೆ ಹಾಕಿದರೆ ಪ್ರತಿ ಹೊಟ್ಟೆಗೂ ಬ್ರಷ್ ತಿರುಗಿಸಬೇಕು. ನಮ್ಮ ಕನ್ನಡಕ್ಕೆ ಆ ಸುಖ ಇಲ್ಲ, ಎರಡೂ ಕಡೆ ದುಂಡು. ‘ದುಗ್ಗಮ್ಮ’ ಬರೆದು ನೋಡಿ: ಗ ಅಕ್ಷರದ ಶೇಡ್ ಕೆಳಗೆ ಇಳಿದರೆ ನೇರ ಒತ್ತಿನ ತಲೆ ಮೇಲೆ ಕೂರುತ್ತದೆ. ದೂರದಿಂದ ಕಲಸಿದಂತೆ ಕಾಣುತ್ತದೆ. ನಾನು ಒತ್ತನ್ನು ಒಂದು ಬೆರಳು ಕೆಳಗಿಳಿಸಿ, ಅಲ್ಲಿ ಮಾತ್ರ ಶೇಡ್ ಸಣ್ಣ ಮಾಡುತ್ತೇನೆ. ಲಾರಿ ಓನರ್‌ಗೆ ಇದು ಗೊತ್ತಾಗುವುದಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ.

ಮಾರಿಸ್ ಜೆ-ಟೈಪ್ ಅಂತ ಒಂದಿದೆ, 1949ರಿಂದ 1961ರವರೆಗೆ ಬಂದದ್ದು. ಮೊಂಡು ಮೂಗು, ಮೈಯೆಲ್ಲಾ ಉಬ್ಬು. ನೋಡೋಕೆ ಮುದ್ದಾಗಿದೆ. ಆದರೆ ಉಬ್ಬಿದ ತಗಡಿನ ಮೇಲೆ ಚಾಕ್‌ಪೀಸ್ ದಾರ ಹೊಡೆದು ನೇರ ಗೆರೆ ತೆಗೆಯೋದು ಎಂಥಾ ಪಾಡು ಅಂತ ನಮ್ಮಂಥವರಿಗೇ ಗೊತ್ತು. ಬೆಡ್‌ಫೋರ್ಡ್ ಸಿಎ (1952ರಿಂದ 1969) ನನಗೆ ಹೆಚ್ಚು ಇಷ್ಟ. ಬೆಡ್‌ಫೋರ್ಡ್ ಅಂದ್ರೆ ನಮ್ಮ ಹಳಬರಿಗೆ ಲಾರಿ. ಅಲ್ಲಿ ಅದೇ ಹೆಸರಿನಲ್ಲಿ ಈ ಪುಟ್ಟ ವ್ಯಾನೂ ಓಡುತ್ತಿತ್ತು. ಮುಂದಿನ ಬಾಗಿಲು ಸರಿಸುವಂಥದ್ದು, ಸೆಕೆಯಾದರೆ ತೆರೆದಿಟ್ಟೇ ಓಡಿಸುತ್ತಿದ್ದರಂತೆ.

ಅಂಚೆ ಇಲಾಖೆಯ ಮಾರಿಸ್ ಮೈನರ್ ವ್ಯಾನಂತೂ ತಮಾಷೆ. ಮೊದಮೊದಲಿನವಕ್ಕೆ ಮುಂದಿನ ಮಡ್‌ಗಾರ್ಡ್ ರಬ್ಬರಿನದು, ಹೆಡ್‌ಲೈಟು ಅದರ ಮೇಲೆ ಕಪ್ಪೆಕಣ್ಣಿನ ಹಾಗೆ. ಟಪಾಲಿನದು ಕೆಂಪು, ಟೆಲಿಫೋನಿನದು ಹಸಿರು. ಕಪ್ಪು-ಬಿಳುಪು ಫೋಟೋದಲ್ಲಿ ಎರಡೂ ಒಂದೇ ಬೂದಿ, ಪಕ್ಕದ ಬರಹ ಓದಿಯೇ ತಿಳಿಯಬೇಕು.

ಫೋಟೋ ಯಾವ ಕಾಲದ್ದು ಅಂತ ನಂಬರ್ ಪ್ಲೇಟ್ ಸ್ವಲ್ಪ ಹೇಳುತ್ತದೆ. ಕೊನೆಯಲ್ಲಿ ಎ ಇದ್ದರೆ ಗಾಡಿ ನೋಂದಣಿಯಾದದ್ದು 1963ರಲ್ಲಿ, ಬಿ ಇದ್ದರೆ 1964ರಲ್ಲಿ. ಫೋಟೋ ಅದಕ್ಕಿಂತ ಹಿಂದಿನದಾಗಲು ಸಾಧ್ಯವಿಲ್ಲ ಅಲ್ವಾ? ಬರಹ ಮಾಸಿದ್ದರೆ ಇನ್ನೂ ನಾಲ್ಕೈದು ವರ್ಷ ಸೇರಿಸಿಕೊಳ್ಳುತ್ತೇನೆ. ಇದು ನನ್ನ ಲೆಕ್ಕ, ಪುಸ್ತಕದ್ದಲ್ಲ.

ಮೊನ್ನೆ ಬೇಕರಿಯವರೊಬ್ಬರಿಗೆ ಈ ಫೋಟೋ ತೋರಿಸಿದೆ. ತಮ್ಮ ಓಮ್ನಿಗೂ ಹೀಗೇ ಬರೆಯಿರಿ ಎಂದರು, ಸ್ಟಿಕರ್ ರೇಟಿಗೆ. ಶೇಡ್ ಬೇಕಂದ್ರೆ ರೇಟು ಬೇರೆ ಎಂದಿದ್ದೇನೆ. ಮನೆಯಲ್ಲಿ ಕೇಳಿ ಹೇಳುತ್ತಾರಂತೆ.