ದುರ್ಗದ ಗುಹೆ ಯಾವ ಶ್ರುತಿ?

ಹಿರಿಯೂರು ದಾಟೋವರೆಗೂ ಸರ್ ಒಂದು ಮಾತೂ ಆಡ್ಲಿಲ್ಲ. ಬೆಂಗಳೂರಿಂದ ಚಿತ್ರದುರ್ಗ ಹೆಚ್ಚುಕಮ್ಮಿ 200 ಕಿಲೋಮೀಟರು, ಅಷ್ಟು ದೂರಾನೂ ಕಾರಲ್ಲಿ ಹಾಡು ಹಾಕಂಗಿಲ್ಲ, ಫೋನಲ್ಲಿ ಮಾತಾಡಂಗಿಲ್ಲ, "ಕಿವಿ ಖಾಲಿ ಇರ್ಲಿ ತಮ್ಮಾ" ಅಷ್ಟೇ. ಅವ್ರು ಮ್ಯೂಸಿಕ್ ಪ್ರೊಡ್ಯೂಸರು, ನಾನು ಸೌಂಡ್ ಇಂಜಿನಿಯರು, ಆರು ವರ್ಷ ಪಕ್ಕದಲ್ಲಿ ಕೂತು ದನಿ ಏರಿಸಿ ಇಳಿಸೋ ಫೇಡರ್ ತಳ್ಳಿದೀನಿ. ಹೆಸರು ಬರೆದ್ರೆ ಬೈತಾರೆ, ಹಂಗಾಗಿ ಬರೀ ಸರ್.

ಒಂದು ಹಾಡಿಗೆ ಗುಹೆ ರಿವರ್ಬ್ ಬೇಕಿತ್ತು, ಅಂದ್ರೆ ದನಿ ನಿಂತ ಮೇಲೂ ಗೋಡೆಗಳಿಂದ ಬರ್ತಾ ಉಳಿಯೋ ಗುಂಯ್. ಕಂಪ್ಯೂಟರಿನ ಎಫೆಕ್ಟ್ ಪ್ಲಗಿನ್ನಲ್ಲಿ ಬೇಕಾದಷ್ಟು ಗುಹೆ ಇದಾವೆ ಸರ್ ಅಂದೆ, "ಅವ್ಯಾವೂ ನಮ್ಮ ಕಡೇವಲ್ಲಲೇ" ಅಂದ್ರು, ಮುಗೀತು. ಅವ್ರ ಊರು ದಾವಣಗೆರೆ. ಕೆಲಸ ಏನಂದ್ರೆ, ಜಾಗದಲ್ಲಿ ಒಂದು ಬಲೂನ್ ಒಡೀಬೇಕು, ಆಮೇಲೆ ಉಳಿಯೋ ಗುಂಯ್ ಅನ್ನೋದನ್ನ ರೆಕಾರ್ಡ್ ಮಾಡ್ಕೊಂಡ್ ಬಂದ್ರೆ ಕಂಪ್ಯೂಟರಲ್ಲಿ ಯಾರ ದನಿನ ಬೇಕಾದ್ರೂ ಆ ಜಾಗದೊಳಗೆ ನಿಲ್ಲಿಸಬಹುದು.

ಬೆಳಿಗ್ಗೆ ಮೊದಲು ಕೋಟೆ. ಏಳು ಸುತ್ತಿನ ಕೋಟೆ ಅಂತ ಎಲ್ರೂ ಹೇಳ್ತಾರಲ್ಲ, ಅದು ಕಿವಿಗೂ ಏಳು ಸುತ್ತೇ ಅಂತ ಆವತ್ತೇ ಗೊತ್ತಾಗಿದ್ದು. ಶತ್ರು ನೇರ ನುಗ್ಗಬಾರ್ದು ಅಂತ ಬಾಗಿಲು ಬಾಗಿಲಿಗೂ ದಾರಿ ತಿರುಗಿಸಿದಾರೆ, ಒಂದೊಂದು ತಿರುವಲ್ಲೂ ಊರಿನ ಗಲಾಟೆ ಒಂದಿಷ್ಟು ಕಳಚ್ಕೊಳ್ತಾ ಹೋಗುತ್ತೆ, ಹಾರನ್ನು ಮೊದಲು, ಆಮೇಲೆ ಆಟೋ, ಕೊನೇಗೆ ಗಾಳಿ ಒಂದೇ. ಆ ಗಾಳಿ ಇದೆಯಲ್ಲ, ಸುತ್ತ ಗುಡ್ಡದ ಮೇಲೆಲ್ಲ ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ ಮಾರಾಯ್ರೆ. ಅದಕ್ಕೇ ಮೈಕಿಗೆ ರೋಮದ ಕವರ್ ತಂದಿದ್ದೆ, ನಮ್ಮೋರು ಡೆಡ್ ಕ್ಯಾಟ್ ಅಂತೀವಿ. ಗೋಪಾಲಸ್ವಾಮಿ ಹೊಂಡದ ಹತ್ರ ಬ್ಯಾಗಿಂದ ತೆಗೆದು ಒಂದು ನಿಮಿಷ ಆಗಿಲ್ಲ, ಕೋತಿ ಕಿತ್ಕೊಂಡು ಬಂಡೆ ಹತ್ತಿ ಕೂತು, ಮಡಿಲಲ್ಲಿ ಇಟ್ಕೊಂಡು ನೀಟಾಗಿ ಅದಕ್ಕೆ ಹೇನು ನೋಡೋಕೆ ಶುರು ಮಾಡ್ತು! ನಾನು ಬಿಸ್ಕೆಟ್ ತೋರಿಸಿ ಗೋಗರೀತಿದ್ರೆ ಸರ್ ತಮ್ಮ ತಲೆ ಮೇಲಿದ್ದ ಮಂಕಿ ಕ್ಯಾಪ್ ತೆಗೆದು ಮೈಕಿಗೆ ಹಾಕಿ ರಬ್ಬರ್ ಬ್ಯಾಂಡ್ ಸುತ್ತಿದ್ರು. ಅಷ್ಟಾದ್ರೂ ಗಾಳಿ ಒಳಗೆ ನುಗ್ತಾನೇ ಇತ್ತು ಬಿಡಿ, ಕೋಟೆ ಫೈಲ್ ಒಂದೂ ಉಪಯೋಗಕ್ಕೆ ಬರ್ಲಿಲ್ಲ.

ಮಧ್ಯಾಹ್ನ ಚಂದ್ರವಳ್ಳಿ, ಮಯೂರಶರ್ಮನ ಶಾಸನ ಇರೋ ಅದೇ ಚಂದ್ರವಳ್ಳಿ. ಅಂಕಲಿ ಮಠದ ಗುಹೆಯೊಳಗೆ ಗೈಡು ಟಾರ್ಚ್ ಹಿಡಿದು ಮುಂದೆ, ನಾವು ಬಗ್ಗಿಕೊಂಡು ಹಿಂದೆ. ಒಂದು ಸಣ್ಣ ಕೋಣೇಲಿ ಬಲೂನ್ ಒಡೆದೆ. ಟಪ್. ಅಷ್ಟೇ! ಗುಂಯ್ಯೂ ಇಲ್ಲ ಗಿಂಯ್ಯೂ ಇಲ್ಲ, ಗುಹೆ ಅಂದ್ರೆ ದೊಡ್ಡ ಎಕೋ ಅಂತ ಸಿನಿಮಾ ನೋಡಿ ನೋಡಿ ನಮ್ಮ ತಲೇಲಿ ಕೂತಿರೋದು, ಇಷ್ಟು ಚಿಕ್ಕ ಜಾಗದಲ್ಲಿ ಎಲ್ಲಿಂದ ಬರಬೇಕು. ಡೀಸೆಲ್ ದಂಡ ಅಂದ್ಕೊಂಡೆ.

ಸರ್ ಟಾರ್ಚ್ ಆರಿಸೋಕೆ ಹೇಳಿ, ನೆಲದ ಮೇಲೆ ಕೂತು, ಕೆಳಗಿನ ಸ್ವರದಿಂದ ಮೆಲ್ಲಗೆ ಹೂಂ ಅಂತ ಏರಿಸ್ತಾ ಬಂದ್ರು. ಏರಿಸ್ತಾ ಏರಿಸ್ತಾ ಒಂದು ಕಡೆ ಇದ್ದಕ್ಕಿದ್ದಂಗೆ ಗೋಡೆನೇ ಹೂಂ ಅಂತು, ನನ್ನ ಎದೆ ಗೂಡೊಳಗೆ ಬಂದು ಕೂತಂಗಾಯ್ತು. ಅಲ್ಲಿಂದ ಒಂಚೂರು ಮೇಲೆ ಹೋದ್ರೆ ಮತ್ತೆ ಬರೀ ಮನುಷ್ಯನ ದನಿ. "ಕರಿ ಒಂದು" ಅಂದ್ರು ಕತ್ತಲಲ್ಲೇ, ಅಂದ್ರೆ ಹಾರ್ಮೋನಿಯಂನ ಮೊದಲನೇ ಕರಿ ಮನೆಯ ಶ್ರುತಿ. ಫೋನ್ ಟ್ಯೂನರ್ ನೋಡಿದ್ರೆ 139 ಹರ್ಟ್ಸ್, ಕರೆಕ್ಟಾಗಿ ಕರಿ ಒಂದು. ಲೆಕ್ಕ ನಾನು ಆಮೇಲೆ ಹಾಕಿದ್ದು, ಗೋಡೆಯಿಂದ ಗೋಡೆಗೆ ಸುಮಾರು ಎಂಟಡಿ, ಶಬ್ದ ಸೆಕೆಂಡಿಗೆ ಹತ್ರತ್ರ 340 ಮೀಟರ್, ಅಂದ್ರೆ ಕೋಣೆ 70ಕ್ಕೆ ಒಂದ್ಸಲ ಅದರ ಡಬಲ್ 140ಕ್ಕೆ ಒಂದ್ಸಲ ತುಂಬ್ಕೊಳ್ಳುತ್ತೆ. ಅವ್ರಿಗೆ ಈ ಲೆಕ್ಕ ಬೇಕಿರ್ಲಿಲ್ಲ. "ಸಾರ್ ಬೇಗ ಮುಗಿಸ್ರಿ, ಹೊರಗೆ ಇನ್ನೂ ಎರಡು ಪಾರ್ಟಿ ಕಾಯ್ತಾ ಐತೆ" ಅಂತ ಗೈಡು.

ನಮ್ಮ ಹಾಡು ಇದ್ದಿದ್ದು ಬಿಳಿ ಎರಡರಲ್ಲಿ, ಕರಿ ಒಂದರ ಪಕ್ಕದ ಮೇಲಿನ ಮನೇಲಿ. ಗುಹೆಗೋಸ್ಕರ ಇಡೀ ಹಾಡು ಅರ್ಧ ಸ್ವರ ಕೆಳಗಿಳೀತು! ಗಾಯಕಿ ಮುನಿಸ್ಕೊಂಡ್ರು, ಕೊಳಲಿನವ್ರು ಬೇರೆ ಕೊಳಲು ತಂದ್ರು, ನಂಗೆ ಮೂರು ರಾತ್ರಿ ನಿದ್ದೆ ಇಲ್ಲ, ನಿಜ ಹೇಳ್ಬೇಕಂದ್ರೆ ಆ ಸಿಟ್ಟು ಇನ್ನೂ ಸ್ವಲ್ಪ ಇದೆ. ಕೊನೇಗೆ ಸರ್ ಗುಹೆಯ ಆ ಹೂಂ ಇರೋ ಟ್ರ್ಯಾಕನ್ನ ಕೇಳಿಸೀತೋ ಇಲ್ವೋ ಅನ್ನೋಷ್ಟು ಕೆಳಗಿಟ್ರು. ಮ್ಯೂಟ್ ಮಾಡಿ ನೋಡಿದೆ, ಗಾಯಕಿ ಕಾಲ ಕೆಳಗಿನ ನೆಲಾನೇ ಹೋದಂಗಾಯ್ತು, ಸುಮ್ನೆ ಮತ್ತೆ ಆನ್ ಮಾಡಿದೆ.

ಆವತ್ತು ಸಂಜೆ ದಾವಣಗೆರೆಗೆ ಹೋದ್ವಿ, ದುರ್ಗದಿಂದ ಇನ್ನೊಂದು 60 ಕಿಲೋಮೀಟರು. ಬೆಣ್ಣೆ ದೋಸೆ ಹುಟ್ಟಿದ್ದೂ ನಾಟಕದ ಥಿಯೇಟರ್ ಪಕ್ಕದಲ್ಲೇ ಅಂತಾರೆ, ಬೆಳಗಾವಿ ಕಡೆಯಿಂದ ಬಂದ ಚೆನ್ನಮ್ಮ ಅನ್ನೋರು 1928ರಲ್ಲಿ ಅಲ್ಲಿ ಅಂಗಡಿ ಇಟ್ರಂತೆ. ಸರ್‌ಗೆ ಈ ಕತೆ ಅಂದ್ರೆ ಪ್ರಾಣ, ಕಂಪನಿ ನಾಟಕದ ಹಾರ್ಮೋನಿಯಂ ಕೇಳ್ಕೊಂಡೇ ಬೆಳೆದವ್ರು. ಹಂಚಿನ ಮೇಲೆ ನೀರು ಚಿಮುಕಿಸಿ ಪೊರಕೇಲಿ ಎಳೆದಾಗ ಚುಂಯ್ ಅನ್ನುತ್ತಲ್ಲ, "ಹೈ ಹ್ಯಾಟ್ ಅಂದ್ರೆ ಇದಲೇ, ಹಾಕು ರೆಕಾರ್ಡ್" ಅಂದ್ರು, ಡ್ರಮ್ಸ್ ಸೆಟ್ಟಿನ ಜೋಡಿ ತಾಳಕ್ಕೆ ಹಂಗಂತಾರೆ. ಹಾಕಿದೆ. ಪೆನ್ ಸೆಲ್ ಖಾಲಿ. ಎಕ್ಸ್‌ಟ್ರಾ ಸೆಲ್ ತಂದಿರ್ಲಿಲ್ಲ, ತಪ್ಪು ನಂದೇ, ಬೈಸ್ಕೊಂಡು ಅಂಗಡಿ ಹುಡುಕ್ತಾ ಓಡಿದೆ. ಸೆಲ್ ಹಿಡ್ಕೊಂಡು ವಾಪಸ್ ಬರೋಷ್ಟ್ರಲ್ಲಿ ನನ್ನ ದೋಸೆನೂ ತಿಂದು ಮುಗಿಸಿದ್ರು.