ನಾಲೆ ಏರಿಯೂ ಬ್ಯಾಂಕೇ

ಒಂಬತ್ತನೇ ಕ್ಲಾಸಿನ ಇಂಗ್ಲಿಷ್ ಪಾಠವೊಂದರಲ್ಲಿ ಒಬ್ಬ ಮುದುಕ ‘ಬ್ಯಾಂಕ್’ ಮೇಲೆ ಕೂತು ಮೀನು ಹಿಡಿಯುತ್ತಿದ್ದ. ನನಗೆ ಗೊತ್ತಿದ್ದದ್ದು ಒಂದೇ ಬ್ಯಾಂಕು. ಕಬ್ಬಿನ ಬೆಳೆಸಾಲಕ್ಕೆ ಅಂತ ಅಪ್ಪ ಪಹಣಿ ಹಿಡಿದುಕೊಂಡು ಮಂಡ್ಯ ಪೇಟೆಗೆ ಹೋಗುತ್ತಿದ್ದರಲ್ಲ, ಆ ಬ್ಯಾಂಕು. ಅಲ್ಲಿ ಮೀನೆಲ್ಲಿಂದ ಬಂತು? ಎದ್ದು ನಿಂತು ಕೇಳಿಯೇಬಿಟ್ಟೆ. ಕ್ಲಾಸೆಲ್ಲ ನಕ್ಕಿತು, ಮೇಷ್ಟ್ರು ನಗಲಿಲ್ಲ. “ಇಲ್ಲಿ ಬ್ಯಾಂಕ್ ಅಂದ್ರೆ ದಡ ಕಣಪ್ಪ” ಅಂದರು. ನಾನು ಕೂರಲಿಲ್ಲ. “ಎರಡಕ್ಕೂ ಒಂದೇ ಹೆಸರು ಯಾಕಿಟ್ರು ಸಾರ್?” ಅಂದೆ. ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದು, “ನೋಡ್ಕೊಂಡು ಬಂದು ನಾಳೆ ಹೇಳ್ತೀನಿ” ಅಂದರು.

ಹೇಳಿದ ಹಾಗೇ ಮಾಡಿದರು. ಮಾರನೇ ದಿನ ಸೈಕಲ್ ಕ್ಯಾರಿಯರ್ ಮೇಲೆ ಹಳೇ ಟ್ಯೂಬಿನಿಂದ ಬಿಗಿದು ಕಟ್ಟಿದ್ದ ದಪ್ಪ ನಿಘಂಟು ಬಂತು. ಬ್ರೌನ್ ಪೇಪರಿನ ಬೈಂಡು, ಬೆರಳು ತಾಗಿ ತಾಗಿ ಅಂಚೆಲ್ಲ ಕಪ್ಪಾಗಿತ್ತು. ನಮ್ಮ ಬೆಂಚಿನ ಮೇಲೆ ತೆರೆದಿಟ್ಟು “ಎಷ್ಟು ಬ್ಯಾಂಕ್ ಇದಾವೆ, ಎಣಿಸು” ಅಂದರು. ಒಂದಕ್ಕಿಂತ ಜಾಸ್ತಿ ಇದ್ದವು. ಒಂದೊಂದರ ಹೆಗಲ ಮೇಲೂ ಒಂದು ಪುಟ್ಟ ಅಂಕಿ. ಕಾಗುಣಿತ ಒಂದೇ ಆಗಿ ಬಂದ ದಾರಿ ಬೇರೆಯಾದರೆ ನಿಘಂಟಿನವರು ಹೀಗೆ ಅಂಕಿ ಹಾಕುತ್ತಾರೆ ಅಂತ ಅವತ್ತೇ ನನಗೆ ತಿಳಿದದ್ದು.

ದಡದ ಬ್ಯಾಂಕು ಇಂಗ್ಲಿಷಿಗೆ ಬಂದದ್ದು ಉತ್ತರ ಯುರೋಪಿನ ನಾರ್ಸ್ ಜನರ ಮಾತಿನಿಂದ. ಅದರ ಹಳೆಯ ಅರ್ಥ ಎತ್ತರಿಸಿದ ಮಣ್ಣು, ದಿಬ್ಬ. ದುಡ್ಡಿನ ಬ್ಯಾಂಕು ಇಟಲಿಯದು, ಫ್ರೆಂಚ್ ದಾರಿಯಾಗಿ ಬಂತು. ಇಟಲಿಯ ಪೇಟೆಗಳಲ್ಲಿ ನಾಣ್ಯ ಬದಲಾಯಿಸಿಕೊಡುವವರು ಒಂದು ಉದ್ದನೆಯ ಹಲಗೆ ಹಾಕಿಕೊಂಡು ವ್ಯಾಪಾರ ಮಾಡುತ್ತಿದ್ದರು, ಆ ಹಲಗೆಗೆ ‘ಬಾಂಕಾ’ ಅನ್ನುತ್ತಿದ್ದರು, ಹಲಗೆಯ ಹೆಸರೇ ಆಮೇಲೆ ವ್ಯಾಪಾರಕ್ಕೂ ನಿಂತುಬಿಟ್ಟಿತು. ಇಷ್ಟು ಹೇಳಿ ಮೇಷ್ಟ್ರು ನಮ್ಮ ಬೆಂಚನ್ನು ಅಂಗೈಯಿಂದ ತಟ್ಟಿದರು. “ಇದೂ ಅದೇ ವಂಶ ಕಣ್ರೋ.” ತೀರಾ ಹಿಂದಕ್ಕೆ ಹೋದರೆ ಬೆಂಚ್ ಅನ್ನುವ ಮಾತೂ ಆ ಎರಡು ಬ್ಯಾಂಕುಗಳೂ ಹಳೆಯ ಜರ್ಮ್ಯಾನಿಕ್ ಭಾಷೆಯ ಒಂದೇ ಬೇರಿಗೆ ಮುಟ್ಟುತ್ತವಂತೆ. ದಿವಾಳಿಗೆ ಬ್ಯಾಂಕ್ರಪ್ಟ್ ಅನ್ನುತ್ತಾರಲ್ಲ, ಅದು ಇಟಲಿಯ ‘ಬಾಂಕಾ ರೊಟ್ಟಾ’, ಮುರಿದ ಬೆಂಚು. ಔತಣದ ಬ್ಯಾಂಕ್ವೆಟ್ ಕೂಡ ಪುಟ್ಟ ಬೆಂಚೇ. ಕೈವಾರದಲ್ಲಿ ಹೆಸರು ಕೊರೆದು, ಇಂಕು ಚೆಲ್ಲಿ, ನಾವು ದಿನಾ ಕೂರುತ್ತಿದ್ದ ಬೆಂಚಿಗೆ ಇಷ್ಟೊಂದು ನೆಂಟರಿದ್ದಾರೆ ಅಂತ ಯಾರಿಗೆ ಗೊತ್ತಿತ್ತು!

ಆಗ ನನಗೆ ಒಂದು ಹೊಳೆಯಿತು. ನಮ್ಮೂರಿನ ಪಕ್ಕದಲ್ಲೇ ವಿಸಿ ನಾಲೆ, ಅಂದರೆ ವಿಶ್ವೇಶ್ವರಯ್ಯ ನಾಲೆ. ನೀರು ಬಿಟ್ಟಾಗ ಅಲ್ಲೂ ಗಾಳ ಹಾಕಿಕೊಂಡು ಕೂರುವವರು ಇದ್ದೇ ಇರುತ್ತಿದ್ದರು. ಅವರು ಕೂರುವ ಜಾಗಕ್ಕೆ ನಾವು ಯಾರೂ ದಡ ಅನ್ನುತ್ತಿರಲಿಲ್ಲ. “ಎತ್ತರಿಸಿದ ಮಣ್ಣು ಅಂದ್ರೆ ಏರಿ ಅಲ್ವಾ ಸಾರ್? ನಾಲೆ ಏರಿ?” ಅಂದೆ. ಮೇಷ್ಟ್ರು ನನ್ನನ್ನೇ ನೋಡಿದರು. ಬೋರ್ಡಿನ ಹತ್ತಿರ ಹೋಗಿ, ‘ದಡ’ ಅಂತ ಬರೆದಿದ್ದನ್ನು ಡಸ್ಟರಿನಲ್ಲಿ ಒರೆಸಿ, ದೊಡ್ಡದಾಗಿ ‘ಏರಿ’ ಅಂತ ಬರೆದರು. “ನನಗಿಂತ ಸರಿಯಾಗಿ ಹೇಳ್ದೆ” ಅಂದರು. ಹಳ್ಳಿಯಿಂದ ಬಂದು ಇಂಗ್ಲಿಷ್ ಕ್ಲಾಸೆಂದರೆ ಬಾಯಿ ಒಣಗುತ್ತಿದ್ದ ಹುಡುಗನಿಗೆ ಆ ಮಾತು ಎಷ್ಟು ದೊಡ್ಡದು ಅಂತ ಇವತ್ತಿಗೂ ಸರಿಯಾಗಿ ಹೇಳಲಾರೆ.

ಕನ್ನಡದಲ್ಲೂ ಇಂಥ ಪದ ಹುಡುಕಿಕೊಂಡು ಬನ್ನಿ ಅಂತ ಮನೆಕೆಲಸ ಕೊಟ್ಟರು. ಸಂಜೆ ಕೊಟ್ಟಿಗೆಯಲ್ಲಿ ಅಜ್ಜಿ ಹಸು ಕರೆಯುತ್ತಿದ್ದಳು, ಅದನ್ನು ನೋಡುತ್ತಾ ನಿಂತಿದ್ದಾಗಲೇ ಸಿಕ್ಕಿತು. ಹಾಲು ಕರೆ, ಊಟಕ್ಕೆ ಕರೆ, ಬಟ್ಟೆಗೆ ಅಂಟಿದ ಬಾಳೆದಿಂಡಿನ ಕರೆ. ಮೂರನ್ನು ತೆಗೆದುಕೊಂಡು ಹೋದರೆ, ಕನ್ನಡ ಪಂಡಿತರು ನಾಲ್ಕನೆಯದನ್ನು ಕೊಟ್ಟರು. ಹಳಗನ್ನಡದಲ್ಲಿ ಕರೆ ಅಂದರೆ ದಡವೂ ಹೌದು! ಹಾಲು ಕರೆಯುವುದನ್ನೂ ಕಲೆಯನ್ನೂ ಹಿಂದೆ ಬೇರೆಯೇ ಅಕ್ಷರ ಹಾಕಿ ‘ಕಱೆ’ ಅಂತ ಬರೆಯುತ್ತಿದ್ದರು, ಆ ಱ ಬಳಕೆಯಿಂದ ಬಿಟ್ಟುಹೋದ ಮೇಲೆ ನಾಲ್ಕೂ ಒಂದೇ ರೂಪಕ್ಕೆ ಬಂದವು ಅಂತ ವಿವರಿಸಿದರು. ನನಗೆ ಇದು ಬ್ಯಾಂಕಿಗಿಂತಲೂ ಚೆಂದ ಅನ್ನಿಸಿತು, ಈಗಲೂ ಅನ್ನಿಸುತ್ತದೆ.

ಮಂಡ್ಯದವರಿಗೆ ಮಾತ್ರ ರುಚಿಸುವ ಇನ್ನೊಂದು ವಿಷಯ ಇದೆ. ಹಿಂದೆ ಇರ್ವಿನ್ ನಾಲೆ ಅಂತಿದ್ದ ನಮ್ಮ ನಾಲೆಗೆ ಈಗ ವಿಶ್ವೇಶ್ವರಯ್ಯನವರ ಹೆಸರು. 1913ರಲ್ಲಿ ಮೈಸೂರು ಬ್ಯಾಂಕ್ ಶುರುವಾದಾಗ ದಿವಾನರಾಗಿದ್ದವರೂ ಅವರೇ. ಅಂದರೆ ನಮ್ಮ ಎರಡೂ ಬ್ಯಾಂಕುಗಳಿಗೆ ಒಬ್ಬರದೇ ನಂಟು. ಆ ಬ್ಯಾಂಕು 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದ ಜೊತೆ ಸೇರಿಹೋಯಿತು. ಅಪ್ಪನ ಬಾಯಲ್ಲಿ ಮಾತ್ರ ಅದು ಇನ್ನೂ ಮೈಸೂರ್ ಬ್ಯಾಂಕೇ.

ಆಮೇಲೆ ಮೈಸೂರಿನಲ್ಲಿ ಕಾಲೇಜು, ಕೆಲಸ. ಮೊದಲನೇ ಸಲ ರಕ್ತ ಕೊಡಲು ಹೋಗಿ ಬೋರ್ಡು ಓದುವಾಗಲೂ ಮೇಷ್ಟ್ರೇ ನೆನಪಾದರು. ರಕ್ತ ಕೂಡಿಡುವ ಜಾಗಕ್ಕೆ 1937ರಲ್ಲಿ ಶಿಕಾಗೋದ ಬರ್ನಾರ್ಡ್ ಫ್ಯಾಂಟಸ್ ಅನ್ನುವ ವೈದ್ಯರು ಬ್ಲಡ್ ಬ್ಯಾಂಕ್ ಅಂತ ಹೆಸರಿಟ್ಟರಂತೆ. ಇಟಲಿಯ ಹಲಗೆ ಎಲ್ಲಿಯವರೆಗೆ ಬಂತು ನೋಡಿ.

ಕಳೆದ ಬೇಸಿಗೆಯಲ್ಲಿ ಮೇಷ್ಟ್ರ ಮನೆಗೆ ಹೋಗಿದ್ದೆ. ರಿಟೈರ್ ಆಗಿ ಎಷ್ಟೋ ವರ್ಷವಾಗಿದೆ, ಕಣ್ಣು ಸ್ವಲ್ಪ ಮಂದ. ಆ ನಿಘಂಟು ಇನ್ನೂ ಇದೆ. ಬ್ಯಾಂಕ್ ಪುಟ ತೆಗೆದೆ. 1 ಅನ್ನುವ ಅಂಕಿಯ ಪಕ್ಕದಲ್ಲಿ, ಅಂಚಿನಲ್ಲಿ, ಪೆನ್ಸಿಲಿನಲ್ಲಿ ‘ಏರಿ’ ಅಂತ ಬರೆದಿದ್ದರು. ನಾನು ಅದನ್ನೇ ನೋಡುತ್ತಾ ಕೂತಿದ್ದರೆ ಅವರಾಗಲೇ “ಈಗ ಮ್ಯಾಚ್ ತೆಗಿ, ಅದೂ ಎರಡಿದೆ” ಅಂದರು. ತೆಗೆದೆ. ಬೆಂಕಿಕಡ್ಡಿಯದು ಬತ್ತಿ ಅನ್ನುವ ಹಳೆಯ ಫ್ರೆಂಚ್ ಮಾತಿನಿಂದ, ಆಟದ್ದು ಜೊತೆಗಾರ ಅನ್ನುವ ಹಳೆಯ ಇಂಗ್ಲಿಷ್ ಮಾತಿನಿಂದ. ಕಾಫಿ ಆರಿಹೋಗಿತ್ತು. ಅಮ್ಮಾವ್ರು ಲೋಟ ತೆಗೆದುಕೊಂಡು ಹೋಗಿ ಮತ್ತೆ ಬಿಸಿ ಮಾಡಿಕೊಂಡು ಬಂದರು.